ಕೇಳಿ, ಹೇಳುತ್ತೇನೆ: ಸ್ನಾನದ ಮನೆಗೆ ಕೈಯಾರೆ ಮಾಡಿದ ಉಡುಗೊರೆ

ಹಿಂದಿನ ಸಂಚಿಕೆಯಲ್ಲಿ ಮನೆಯಲ್ಲೇ ಮಾಡಬಹುದಾದ ಉಡುಗೊರೆಗಳ ಬಗ್ಗೆ ಎರಡು ಸಾಲು ಬರೆದದ್ದೇ ತಡ, ಸ್ಕ್ರಬ್, ಸಾಬೂನು, ತುಟಿಯ ಮುಲಾಮು ಎಂದು ಪತ್ರಗಳ ಕಟ್ಟೇ ಬಂದಿದೆ. ಅವುಗಳಲ್ಲಿ ಅರ್ಧದಷ್ಟು ಡಬ್ಬಿ, ರಿಬ್ಬನ್ನು, ಕಾಗದದ ಬಣ್ಣದ ಕುರಿತವು. ಅವನ್ನು ಪಕ್ಕಕ್ಕಿಟ್ಟಿದ್ದೇನೆ. ಡಬ್ಬಿಯ ಒಳಗೆ ಏನಿರಬೇಕು, ಏನಿರಬಾರದು ಎಂದು ಕೇಳಿದವರಿಗಷ್ಟೇ ಇಲ್ಲಿ ಉತ್ತರ. ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು. ತಕ್ಕಡಿಯ ಮಾತು ಸ್ವಲ್ಪ ಹೆಚ್ಚಾಗಿ ಬಂದರೆ ಸಹಿಸಿಕೊಳ್ಳಿ.

ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವ ಐವರು ಗೆಳತಿಯರಿಗೆ ಏನಾದರೂ ಮಾಡಿಕೊಡಬೇಕು. ಇದುವರೆಗೆ ಇಂಥದ್ದನ್ನು ಮಾಡಿದವಳಲ್ಲ. ಒಂದು ಸಂಜೆಯ ಬಿಡುವು ಮಾತ್ರ ಇದೆ. ಎಲ್ಲಿಂದ ಶುರು ಮಾಡಲಿ?
— ಮೊದಲ ಸಲ ಕೈಹಾಕುತ್ತಿರುವವಳು

ಸಕ್ಕರೆಯ ಸ್ಕ್ರಬ್ಬಿನಿಂದ. ಒಲೆ ಹಚ್ಚಬೇಕಾಗಿಲ್ಲ, ಕೆಟ್ಟುಹೋಗುವ ಭಯ ಕಡಿಮೆ, ಕೊಟ್ಟ ದಿನವೇ ಬಳಸಬಹುದು. ಎರಡು ಬಟ್ಟಲು ಸಣ್ಣ ಹರಳಿನ ಸಕ್ಕರೆಗೆ ಒಂದು ಬಟ್ಟಲು ಎಣ್ಣೆ, ಇಷ್ಟೇ ಲೆಕ್ಕ. ತೆಂಗಿನೆಣ್ಣೆ, ಆಲಿವ್ ಎಣ್ಣೆ, ಸೂರ್ಯಕಾಂತಿ ಎಣ್ಣೆ ಯಾವುದಾದರೂ ಆದೀತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಗಟ್ಟಿಯಾಗಿ, ಮಧ್ಯಾಹ್ನ ಸಡಿಲವಾಗಿ ಕಂಡರೆ ಹಾಳಾಯಿತೆಂದು ಗಾಬರಿಯಾಗಬೇಡಿ. ಬಾದಾಮಿ ಎಣ್ಣೆ ಹಾಕುವ ಆಸೆಯಿದ್ದರೆ ಐವರಲ್ಲಿ ಯಾರಿಗಾದರೂ ಬಾದಾಮಿ, ಗೋಡಂಬಿ, ಅಕ್ರೋಟುಗಳ ಅಲರ್ಜಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಉಡುಗೊರೆಯ ಗುಟ್ಟು ರಟ್ಟಾದರೆ ಆಗಲಿ.

ಸಕ್ಕರೆಯನ್ನು ಬಟ್ಟಲಿಗೆ ಸುರಿದು, ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕಲಸಿ. ಬೆರಳುಗಳ ನಡುವೆ ಹಿಡಿದರೆ ಒದ್ದೆ ಮರಳು ನಿಲ್ಲುವಂತೆ ನಿಲ್ಲಬೇಕು, ಜಾರಿ ಹೋಗಬಾರದು. ಎಣ್ಣೆ ಹೆಚ್ಚಾದರೆ ಡಬ್ಬಿಯಲ್ಲಿ ಮೇಲೆ ನಿಲ್ಲುತ್ತದೆ. ಇನ್ನೊಂದಿಷ್ಟು ಸಕ್ಕರೆ ಬೆರೆಸಿದರಾಯಿತು. ಉಪ್ಪಿನ ಸ್ಕ್ರಬ್ ಕೂಡ ಇದೇ ರೀತಿ. ಆದರೆ ಉಪ್ಪಿನ ಹರಳು ಒರಟು, ಗೀರಿದ ಜಾಗದಲ್ಲಿ ಚುರುಗುಡುತ್ತದೆ. ಅದನ್ನು ಹಿಮ್ಮಡಿಗೆ ಮೀಸಲಿಡಿ. ಮುಖಕ್ಕೆ ಸಕ್ಕರೆಯೂ ಬೇಡ, ಉಪ್ಪೂ ಬೇಡ.

ಡಬ್ಬಿಯ ಮೇಲೆ ಎರಡು ಮಾತು ಬರೆಯಲೇಬೇಕು. ಒಂದು, ಒದ್ದೆ ಕೈ ಹಾಕದೆ ಒಣ ಚಮಚದಲ್ಲಿ ತೆಗೆಯಿರಿ. ಇನ್ನೊಂದು, ಉಜ್ಜಿ ತೊಳೆದ ಮೇಲೆ ನೆಲವನ್ನೂ ಸಾಬೂನು ಹಾಕಿ ತೊಳೆಯಿರಿ. ಎಣ್ಣೆ ಚೆಲ್ಲಿದ ಸ್ನಾನದ ಮನೆಯಲ್ಲಿ ಮುಂದೆ ಕಾಲಿಡುವವರು ನಿಮ್ಮ ಗೆಳತಿಯ ವಯಸ್ಸಾದ ಅತ್ತೆಯಾಗಿರಬಹುದು. ಆಮೇಲೆ ಆ ಮನೆಯಲ್ಲಿ ನಿಮ್ಮ ಹೆಸರು ಹೇಗೆ ಬರುತ್ತದೆ ಎಂದು ಊಹಿಸಿಕೊಳ್ಳಿ.

ಲೋಳೆಸರದ ತಿರುಳು, ಗುಲಾಬಿ ಜಲ, ಸ್ವಲ್ಪ ಎಣ್ಣೆ ಸೇರಿಸಿ ಕಡೆದು ಕ್ರೀಮ್ ಮಾಡಿ ಗೆಳತಿಗೆ ಕೊಟ್ಟೆ. ಕೆಡದಿರಲೆಂದು ವಿಟಮಿನ್ ಇ ಗುಳಿಗೆಯನ್ನೂ ಒಡೆದು ಹಾಕಿದ್ದೆ. ವಾರ ಕಳೆಯುವಷ್ಟರಲ್ಲಿ ಮೇಲೆ ಕಪ್ಪು ಚುಕ್ಕೆಗಳು ಬಂದವಂತೆ. ಎಲ್ಲವೂ ಶುದ್ಧವಾಗಿತ್ತು, ಪಾತ್ರೆಯೂ ತೊಳೆದದ್ದೇ. ಹೀಗೇಕಾಯಿತು?
— ನೊಂದವಳು

ನೀರಿನಿಂದ. ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ತೊಂದರೆಗಳಿಗೆ ಇದೊಂದೇ ಉತ್ತರ. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ.

ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯಲು ನೀರು ಬೇಕು. ಬರೀ ಎಣ್ಣೆ, ಬರೀ ಮೇಣ, ಬರೀ ಉಪ್ಪು, ಬರೀ ಸಕ್ಕರೆ ಇರುವ ಡಬ್ಬಿಯಲ್ಲಿ ಅವಕ್ಕೆ ನೆಲೆಯಿಲ್ಲ. ನೀರು ಸೇರಿತೋ, ಬಾಗಿಲು ತೆರೆಯಿತು. ಲೋಳೆಸರದ ತಿರುಳು ಬಹುಪಾಲು ನೀರೇ. ಗುಲಾಬಿ ಜಲದ ವಿಚಾರವಂತೂ ಹೇಳುವುದೇ ಬೇಡ. ಹಣ್ಣಿನ ರಸ, ಹಾಲು, ಮೊಸರು, ಕುದಿಸಿ ಸೋಸಿದ ಸೊಪ್ಪಿನ ಕಷಾಯ ಎಲ್ಲವೂ ಇದೇ ಸಾಲಿನವು. ಜೇನುತುಪ್ಪ ತಾನಾಗಿ ಕೆಡುವುದಿಲ್ಲ, ಆದರೆ ನೀರಿನಲ್ಲಿ ಕದಡಿದ ಜೇನುತುಪ್ಪ ಕೆಡುತ್ತದೆ.

ವಿಟಮಿನ್ ಇ ಮಾಡುವ ಕೆಲಸ ಬೇರೆ. ಎಣ್ಣೆ ಗಾಳಿಯೊಂದಿಗೆ ಸೇರಿ ಕಮಟು ವಾಸನೆ ಹಿಡಿಯುವುದನ್ನು ಅದು ನಿಧಾನಗೊಳಿಸುತ್ತದೆ. ಬೂಷ್ಟಿನ ಗೊಡವೆಗೆ ಅದು ಹೋಗುವುದೇ ಇಲ್ಲ. ಸುಗಂಧ ತೈಲ ನಾಲ್ಕು ಹನಿ ಹಾಕಿದರೆ ಸಾಕು, ಕೆಡುವುದಿಲ್ಲ ಎಂದು ಹೇಳುವವರಿದ್ದಾರೆ; ಅದೂ ನಂಬುವ ಮಾತಲ್ಲ. ನೀರಿರುವ ಕ್ರೀಮಿಗೆ ನಿಜವಾದ ಸಂರಕ್ಷಕವೇ ಬೇಕು. ಫೀನಾಕ್ಸಿಎಥೆನಾಲ್ ಎಂಬುದನ್ನು ತಯಾರಕರು ಒಟ್ಟು ತೂಕದ ಶೇಕಡಾ 1ರ ಮಿತಿಯೊಳಗೆ ಬಳಸುತ್ತಾರೆ. ಸೋಡಿಯಂ ಬೆಂಜೋಯೇಟ್ ಕೆಲಸ ಮಾಡಬೇಕಾದರೆ ಮಿಶ್ರಣ ಸಾಕಷ್ಟು ಆಮ್ಲೀಯವಾಗಿರಬೇಕು, ಆಮ್ಲೀಯತೆ ತೋರಿಸುವ ಪಿಎಚ್ ಅಳತೆಯಲ್ಲಿ 5ಕ್ಕಿಂತ ಕೆಳಗೆ (ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು). ಅಂದರೆ ಅಳೆಯುವ ಪಟ್ಟಿ ಬೇಕು, ಗ್ರಾಮಿನ ಹತ್ತನೇ ಭಾಗ ತೋರಿಸುವ ತಕ್ಕಡಿ ಬೇಕು. ಗೆಳತಿಗೊಂದು ಡಬ್ಬಿ ಕೊಡಲು ಇಷ್ಟೆಲ್ಲ ಯಾಕೆ? ನೀರಿಲ್ಲದ್ದನ್ನೇ ಮಾಡಿ.

ಇನ್ನೊಂದು ಮಾತು. ಚುಕ್ಕೆ ಕಂಡದ್ದು ನಿಮ್ಮ ಅದೃಷ್ಟ. ಬ್ಯಾಕ್ಟೀರಿಯಾ ಬೆಳೆದ ಕ್ರೀಮ್ ನೋಡಲು ಬೆಳ್ಳಗೆ, ಮೂಸಲು ಘಮಘಮ ಇರಬಹುದು. ಮೇಲಿನ ಪದರವನ್ನು ಕೆರೆದು ತೆಗೆದು ಉಳಿದದ್ದನ್ನು ಬಳಸುತ್ತೇನೆ ಎಂದು ನಿಮ್ಮ ಗೆಳತಿ ಹೇಳಿದ್ದರೆ ಇವತ್ತೇ ಫೋನ್ ಮಾಡಿ ತಡೆಯಿರಿ. ಲೋಳೆಸರವೇ ಬೇಕೆಂದಿದ್ದರೆ ಗಿಡವನ್ನೇ ಕುಂಡದಲ್ಲಿಟ್ಟು ಕೊಡಿ. ಎಲೆ ಕತ್ತರಿಸಿದಾಗ ಒಸರುವ ಹಳದಿ ರಸ ಕೆಲವರಿಗೆ ತುರಿಕೆ ತರುತ್ತದೆ, ಅದನ್ನು ಸೋರಿಹೋಗಲು ಬಿಟ್ಟು ತಿರುಳು ತೆಗೆಯಬೇಕು ಎಂದು ಒಂದು ಚೀಟಿ ಬರೆದಿಡಿ.

ತುಟಿಗೆ ಹಚ್ಚುವ ಮುಲಾಮು ಮಾಡಿದರೆ ಒಮ್ಮೆ ಕಲ್ಲು, ಒಮ್ಮೆ ಎಣ್ಣೆ. ಹದ ಸಿಗುತ್ತಿಲ್ಲ. ನಾನು ಚಮಚದ ಲೆಕ್ಕದಲ್ಲಿ ಮಾಡುತ್ತೇನೆ.
— ಹದ ತಪ್ಪಿದವರು

ಚಮಚವೇ ನಿಮ್ಮ ತೊಂದರೆ. ತುರಿದ ಜೇನುಮೇಣ ಚಮಚದಲ್ಲಿ ಒಮ್ಮೆ ಉಬ್ಬಿ ಕೂರುತ್ತದೆ, ಒಮ್ಮೆ ಒತ್ತಿ ಕೂರುತ್ತದೆ. ತೂಗಿ. 10 ಗ್ರಾಂ ಜೇನುಮೇಣ, 10 ಗ್ರಾಂ ಶಿಯಾ ಅಥವಾ ಕೋಕೋ ಬೆಣ್ಣೆ (ಹಾಲಿನದಲ್ಲ, ಬೀಜದಿಂದ ತೆಗೆದ ಗಟ್ಟಿ ಕೊಬ್ಬು), 20 ಗ್ರಾಂ ಎಣ್ಣೆ. 5 ಗ್ರಾಮಿನ ಪುಟ್ಟ ಡಬ್ಬಿಗಳಾದರೆ ಎಂಟು ತುಂಬುತ್ತವೆ.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ನೇರ ಉರಿಯ ಮೇಲಿಡಬೇಡಿ. ನೀರು ಕಾಯುತ್ತಿರುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮೊದಲು ಮೇಣ ಮತ್ತು ಎಣ್ಣೆ, ಅದು ತಿಳಿಯಾದ ಮೇಲೆ ಕೊನೆಗೆ ಬೆಣ್ಣೆ. ಡಬ್ಬಿಗೆ ಸುರಿಯುವ ಮುನ್ನ ಒಂದು ಉಕ್ಕಿನ ಚಮಚವನ್ನು ಫ್ರಿಜ್ಜಿನಲ್ಲಿ ತಣ್ಣಗಾಗಿಸಿ, ಅದರ ಮೇಲೆ ಎರಡು ಹನಿ ಬಿಡಿ. ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಬೆರಳಿನಿಂದ ಉಜ್ಜಿ, ತುಟಿಗೆ ಹಚ್ಚಿ ನೋಡಿ. ಗಟ್ಟಿ ಎನಿಸಿದರೆ ಒಂದು ಗ್ರಾಂ ಎಣ್ಣೆ, ಸಡಿಲ ಎನಿಸಿದರೆ ಒಂದು ಗ್ರಾಂ ಮೇಣ. ಈ ಚಮಚದ ಪರೀಕ್ಷೆಯೊಂದನ್ನು ಬಿಡದೆ ಮಾಡಿದರೆ ಹದ ತಪ್ಪುವ ಮಾತೇ ಇಲ್ಲ. ಕೈಚೀಲದಲ್ಲೋ ವಾಹನದಲ್ಲೋ ಬಿಸಿಲಿಗೆ ಸಿಗುವ ಮುಲಾಮಾದರೆ ಮೇಣವನ್ನು 12 ಗ್ರಾಮಿಗೆ ಏರಿಸಿ.

ಶಿಯಾ ಬೆಣ್ಣೆ ಹಾಕಿದ ಮುಲಾಮು ಕೆಲವು ದಿನಗಳ ಮೇಲೆ ರವೆರವೆಯಾಗಿದೆ ಎಂದು ಇನ್ನಿಬ್ಬರು ಬರೆದಿದ್ದಾರೆ. ನಿಧಾನವಾಗಿ ತಣಿದಾಗ ಅದರೊಳಗಿನ ಬೇರೆಬೇರೆ ಕೊಬ್ಬುಗಳು ಬೇರೆಬೇರೆ ಹೊತ್ತಿನಲ್ಲಿ ಹರಳುಗಟ್ಟುತ್ತವೆ. ಮತ್ತೆ ಕರಗಿಸಿ, ಸುರಿದ ಕೂಡಲೇ ಫ್ರಿಜ್ಜಿನಲ್ಲಿಡಿ, ಸರಿಹೋಗುತ್ತದೆ. ಜೇನುಮೇಣ ಒಲ್ಲದ ಗೆಳೆಯರಿಗೆ ಕ್ಯಾಂಡೆಲಿಲ್ಲಾ ಎಂಬ ಸಸ್ಯಮೇಣವಿದೆ. ಅದು ಹೆಚ್ಚು ಗಟ್ಟಿ, ಅರ್ಧದಷ್ಟು ಸಾಕು.

ಸ್ನಾನದ ತೊಟ್ಟಿಗೆ ಹಾಕಿದರೆ ಬುಸ್ಸೆಂದು ನೊರೆಯೇಳುವ ಉಂಡೆಗಳನ್ನು ಮಾಡಲು ಹೋದೆ. ಅಚ್ಚಿನಲ್ಲಿದ್ದಾಗಲೇ ಉಬ್ಬಿ ಬಿರುಕು ಬಿಟ್ಟವು. ಹೊರಗೆ ಬಿಡದೆ ಮಳೆ. ಅದೂ ಅಲ್ಲದೆ ನನ್ನ ಗೆಳತಿಯ ಮನೆಯಲ್ಲಿ ತೊಟ್ಟಿಯೇ ಇಲ್ಲ ಎಂದು ಆಮೇಲೆ ನೆನಪಾಯಿತು.
— ಬುಸ್ಸೆಂದವಳು

ಎರಡನೆಯ ವಿಷಯ ಮೊದಲು ನೆನಪಾಗಿದ್ದರೆ ಮೊದಲನೆಯ ತಾಪತ್ರಯವೇ ಇರುತ್ತಿರಲಿಲ್ಲ. ಇರಲಿ.

ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ ಒಣಗಿರುವಷ್ಟು ಹೊತ್ತು ಪಕ್ಕಪಕ್ಕದಲ್ಲೇ ಸುಮ್ಮನಿರುತ್ತವೆ. ನೀರು ಸೋಕಿದ ಕ್ಷಣ ಕೂಡಿಕೊಂಡು ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತವೆ, ಉಳಿಯುವುದು ಸೋಡಿಯಂ ಸಿಟ್ರೇಟ್ ಎಂಬ ಲವಣ ಮತ್ತು ನೀರು. ಆ ನೀರು ಮತ್ತಷ್ಟು ಪುಡಿಯನ್ನು ಎಬ್ಬಿಸುತ್ತದೆ. ಹಾಗಾಗಿ ಗಾಳಿಯ ತೇವವೊಂದೇ ಸಾಕು, ಅಚ್ಚಿನಲ್ಲೇ ಆಟ ಶುರು. ಮಳೆಯ ದಿನ ಈ ಕೆಲಸಕ್ಕೆ ಕೂರಬಾರದು. ಒಣ ಹವೆಯ ದಿನ 200 ಗ್ರಾಂ ಅಡುಗೆ ಸೋಡಾ, 100 ಗ್ರಾಂ ಸಿಟ್ರಿಕ್ ಆಮ್ಲ, 50 ಗ್ರಾಂ ಮೆಕ್ಕೆಜೋಳದ ಪಿಷ್ಟ ಜರಡಿ ಹಿಡಿದು, ಎರಡು ಚಮಚ ಎಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿ. ಬೇಕಿಂಗ್ ಪೌಡರ್ ಬೇರೆ ಪದಾರ್ಥ, ಅದು ಬೇಡ. ಅಂಟುವುದಕ್ಕೆ ನೀರು ಚಿಮುಕಿಸುವ ಬದಲು ಗಾಯ ಒರೆಸುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಸಿಂಪಡಿಸುವ ಬಾಟಲಿಯಲ್ಲಿ ತುಂಬಿಕೊಂಡು ಎರಡು ಮೂರು ಸಲ ಸಿಂಪಡಿಸಿ. ಹತ್ತಿರ ಉರಿ ಇರಬಾರದು, ಕಿಟಕಿ ತೆರೆದಿರಲಿ. ಮುಷ್ಟಿಯಲ್ಲಿ ಹಿಡಿದರೆ ಮುದ್ದೆ ನಿಂತರೆ ಸಾಕು. ಅಚ್ಚಿಗೆ ಬಲವಾಗಿ ಒತ್ತಿ, ಒಂದು ದಿನ ಒಣಗಿಸಿ, ಗಾಳಿಯಾಡದಂತೆ ಸುತ್ತಿಡಿ.

ತೊಟ್ಟಿಯಿಲ್ಲದ ಗೆಳತಿಗೆ ಇವನ್ನೇ ನಿಂಬೆಗಾತ್ರದಲ್ಲಿ ಮಾಡಿ, ಕಾಲು ನೆನೆಸುವ ಬೋಗುಣಿಗೆಂದು ಕೊಡಬಹುದು. ಬೆಚ್ಚಗಿನ ನೀರಿಗೆ ಒಂದು ಉಂಡೆ, ಹತ್ತು ನಿಮಿಷ. ಆದರೆ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಕಾಲು ನೆನೆಸುವ ಉಡುಗೊರೆ ಯಾವುದೂ ಬೇಡ. ನೀರಿನ ಬಿಸಿ ಅವರಿಗೆ ತಿಳಿಯುವುದಿಲ್ಲ, ನೆನೆದ ಚರ್ಮ ಬಿರಿದು ಗಾಯವಾಗುತ್ತದೆ. ಅಂಥವರಿಗೆ ಕೈಗೆ ಹಚ್ಚುವ ಮುಲಾಮು ಕೊಡಿ.

ಎಪ್ಸಮ್ ಉಪ್ಪಿನಲ್ಲಿ ಸ್ನಾನ ಮಾಡಿದರೆ ಚರ್ಮದ ಮೂಲಕ ಮೆಗ್ನೀಸಿಯಂ ದೇಹ ಸೇರಿ ಮೈಕೈ ನೋವೆಲ್ಲ ಹೋಗುತ್ತದೆ ಎಂದು ಉಡುಗೊರೆಯ ಚೀಟಿಯಲ್ಲಿ ಬರೆಯಬಹುದೇ?
— ಚೀಟಿ ಬರೆಯುವವರು

ಬರೆಯಬೇಡಿ. ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಬುಗ್ಗೆಯ ನೀರಿನಿಂದ 17ನೇ ಶತಮಾನದಲ್ಲಿ ಹೆಸರಾದ ಈ ಉಪ್ಪು ಮೆಗ್ನೀಸಿಯಂ ಸಲ್ಫೇಟ್ ಹೌದು. ಅದು ಚರ್ಮ ದಾಟಿ ಒಳಗೆ ಹೋಗಿ ನೋವು ಕಳೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಬೆಚ್ಚಗಿನ ನೀರಿನಲ್ಲಿ ಕಾಲು ಚಾಚಿ ಕುಳಿತರೆ ಹಿತವಾಗುತ್ತದೆ, ಅದಕ್ಕೆ ಪುರಾವೆ ಬೇಕಾಗಿಲ್ಲ. "ಬೆಚ್ಚಗಿನ ನೀರಿಗೆ ಅರ್ಧ ಬಟ್ಟಲು ಹಾಕಿಕೊಂಡು ಹಾಯಾಗಿರು" ಎಂದು ಬರೆದರೆ ಸುಳ್ಳೂ ಆಗುವುದಿಲ್ಲ, ಓದಲೂ ಚೆನ್ನಾಗಿರುತ್ತದೆ.

ಸುಗಂಧ ತೈಲ ಎಷ್ಟು ಹನಿ ಹಾಕಬೇಕು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೆಳತಿ ಗರ್ಭಿಣಿ, ಅವಳಿಗೆ ಮೈಗೆ ಹಚ್ಚುವ ಎಣ್ಣೆ ಮಾಡಿಕೊಡಬೇಕೆಂದಿದ್ದೇನೆ. ಇವೆಲ್ಲ ಗಿಡಮೂಲಿಕೆಯವೇ ಆದ್ದರಿಂದ ಸ್ವಲ್ಪ ಹೆಚ್ಚಾದರೂ ತೊಂದರೆಯಿಲ್ಲ ತಾನೆ?
— ಪರಿಮಳಪ್ರಿಯೆ

ಗಿಡದಿಂದ ಬಂದದ್ದೆಲ್ಲ ಮೈಗೆ ಒಗ್ಗುತ್ತದೆ ಎನ್ನುವವರನ್ನು ತುರಿಕೆ ಸೊಪ್ಪಿನ ಪೊದೆಯ ಪಕ್ಕ ಒಂದು ಗಳಿಗೆ ನಿಲ್ಲಿಸಬೇಕು ಎಂದು ನನ್ನ ಆಸೆ. ಸುಗಂಧ ತೈಲವೆಂದರೆ ಬುಟ್ಟಿಗಟ್ಟಲೆ ಹೂವು ಎಲೆಗಳ ಸಾರ ಕೆಲವೇ ಹನಿಗಳಿಗೆ ಇಳಿದದ್ದು. ಅದನ್ನು ನೇರವಾಗಿ ಚರ್ಮಕ್ಕೆ ಹಚ್ಚುವಂತಿಲ್ಲ.

ಲೆಕ್ಕ ಸುಲಭ. ಒಂದು ಮಿಲಿಲೀಟರ್ ಎಂದರೆ ಸುಮಾರು 20 ಹನಿ. 100 ಮಿಲಿಲೀಟರ್ ಎಣ್ಣೆಗೆ 20 ಹನಿ ಹಾಕಿದರೆ ಶೇಕಡಾ 1 ಆಯಿತು. ಮೈಗೆ ಹಚ್ಚುವ ಎಣ್ಣೆಗೆ ಇಷ್ಟು ಸಾಕು, ಮುಖಕ್ಕಾದರೆ ಇದರ ಅರ್ಧ. ಎಣ್ಣೆಯಲ್ಲಿ ಬೆರೆಸದೆ ಬರೀ ಸ್ನಾನದ ನೀರಿಗೆ ಹನಿ ಹಾಕುವ ರೂಢಿ ಕೆಲವರದು. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ; ಮೇಲೆ ತೇಲಿ, ಇಳಿದವರ ಮೈಗೆ ಹಸಿಹಸಿಯಾಗಿ ಅಂಟುತ್ತದೆ. ಪುದೀನ ತೈಲ ಹಾಗೆ ಅಂಟಿದರೆ ಏನಾಗುತ್ತದೆ ಎಂದು ಒಮ್ಮೆ ಅನುಭವಿಸಿದವರು ಎರಡನೆಯ ಸಲ ಹಾಕುವುದಿಲ್ಲ.

ಕೆಲವನ್ನು ನಾನು ಉಡುಗೊರೆಗೆ ಬಳಸುವುದೇ ಇಲ್ಲ. ದಾಲ್ಚಿನ್ನಿ ಮತ್ತು ಲವಂಗದ ತೈಲಗಳು ಚರ್ಮವನ್ನು ಕೆರಳಿಸುವುದರಲ್ಲಿ ಮುಂದು. ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ಹಾಗೂ ಸಿಪ್ಪೆಯಿಂದ ಹಿಂಡಿ ತೆಗೆದ ನಿಂಬೆಯ ತೈಲಗಳಲ್ಲಿ ಫ್ಯೂರೊಕೌಮರಿನ್ ಎಂಬ ಪದಾರ್ಥಗಳಿರುತ್ತವೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ನೇರಳಾತೀತ ಕಿರಣ ತಾಗಿ ಚರ್ಮ ಸುಟ್ಟಂತಾಗಿ, ಕಂದು ಕಲೆ ತಿಂಗಳುಗಟ್ಟಲೆ ಉಳಿಯುವುದುಂಟು. ನಿಂಬೆರಸವನ್ನೇ ಮುಖಕ್ಕೆ ಹಚ್ಚುವವರಿಗೂ ಈ ಮಾತು ಅನ್ವಯಿಸುತ್ತದೆ. ನೀಲಗಿರಿ, ಪುದೀನ ತೈಲಗಳು ಎಳೆಮಕ್ಕಳ ಮುಖದ ಹತ್ತಿರ ಸುಳಿಯಬಾರದು, ಉಸಿರಾಟಕ್ಕೆ ತೊಂದರೆಯಾಗುತ್ತದೆ. ಟೀ ಟ್ರೀ ತೈಲ ಬೆಕ್ಕಿಗೆ ವಿಷ. ಬೆಕ್ಕು ಸಾಕಿದವರ ಕೈಕಾಲಿಗೆ ನೀವು ಹಚ್ಚಿದ್ದೆಲ್ಲ ಕೊನೆಗೆ ಬೆಕ್ಕಿನ ನಾಲಿಗೆಗೇ ಹೋಗುತ್ತದೆ.

ಗರ್ಭಿಣಿ ಗೆಳತಿಗೆ ಪರಿಮಳವಿಲ್ಲದ ಎಣ್ಣೆಯನ್ನೇ ಕೊಡಿ. ಯಾವ ತೈಲ ಆಗುತ್ತದೆ, ಯಾವುದು ಆಗದು ಎಂಬುದನ್ನು ಅವಳ ವೈದ್ಯರು ಹೇಳಬೇಕೇ ಹೊರತು ಪತ್ರಿಕೆಯ ಅಂಕಣವಲ್ಲ. ಜೊಜೊಬಾ ಎಂಬುದು ಎಣ್ಣೆಯಂತೆ ಕಂಡರೂ ದ್ರವರೂಪದ ಮೇಣ, ಬೇಗ ಕಮಟುವುದಿಲ್ಲ, ಅದಕ್ಕೆ ಬೇರೆ ವಾಸನೆ ಬೇಕೆಂದೂ ಅನಿಸುವುದಿಲ್ಲ. ಆ ದಿನಗಳಲ್ಲಿ ಮೂಗು ಎಷ್ಟು ಸೂಕ್ಷ್ಮವಾಗುತ್ತದೆಂದು ಹೆತ್ತವರನ್ನು ಕೇಳಿ. ಪರಿಮಳವಿಲ್ಲದ್ದು ಕೊಟ್ಟದ್ದಕ್ಕೆ ಅವಳು ನಿಮ್ಮನ್ನು ಹರಸುತ್ತಾಳೆ.

ಗೆಳೆಯನ ಗೃಹಪ್ರವೇಶಕ್ಕೆ ಹತ್ತು ದಿನವಿದೆ. ಕಾಸ್ಟಿಕ್ ಸೋಡಾ ತಂದು ಮೊದಲಿನಿಂದ ಸಾಬೂನು ಮಾಡಬೇಕೆಂದಿದ್ದೇನೆ. ಮನೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳಿವೆ, ಸಾಕಲ್ಲವೇ?
— ಉತ್ಸಾಹಿ

ಹತ್ತು ದಿನವೂ ಸಾಲದು, ಅಲ್ಯೂಮಿನಿಯಮ್ಮೂ ಆಗದು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ತಿಂದು ಜಲಜನಕ ಅನಿಲ ಬಿಡುತ್ತದೆ. ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಅನಿಲ. ತುಕ್ಕುಹಿಡಿಯದ ಉಕ್ಕಿನ ಪಾತ್ರೆ ಬೇಕು, ಕಣ್ಣಿಗೆ ಕನ್ನಡಕ, ಕೈಗೆ ಗವಸು ಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಬಾರದು. ಕ್ಷಣಾರ್ಧದಲ್ಲಿ ಕುದಿದು ಮುಖಕ್ಕೆ ಹಾರುತ್ತದೆ.

ಕೊಬ್ಬೆಂದರೆ ಗ್ಲಿಸರಿನ್ ಮತ್ತು ಕೊಬ್ಬಿನ ಆಮ್ಲಗಳ ಕೂಟ, ಕಾಸ್ಟಿಕ್ ಸೋಡಾದಂಥ ಕ್ಷಾರ ಅವನ್ನು ಬಿಡಿಸಿ ಸಾಬೂನು ಮಾಡುತ್ತದೆ ಎಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೂಲ್ 1823ರಲ್ಲೇ ವಿವರಿಸಿದ್ದ. ಪ್ರತಿ ಎಣ್ಣೆಗೂ ಬೇಕಾಗುವ ಕ್ಷಾರ ಬೇರೆ. 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ, ಅಷ್ಟೇ ಆಲಿವ್ ಎಣ್ಣೆಗೆ ಸುಮಾರು 13.5 ಗ್ರಾಂ. ಕೊಂಚ ಎಣ್ಣೆ ಉಳಿಯಲೆಂದು ಸೋಡಾವನ್ನು ಶೇಕಡಾ 5ರಷ್ಟು ಕಡಿಮೆ ಹಾಕುವುದು ವಾಡಿಕೆ. ಒಂದು ಎಣ್ಣೆಯ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದರೆ ಬಟ್ಟೆ ಒಗೆಯಲೂ ಬಾರದ ಸಾಬೂನು ಸಿಗುತ್ತದೆ. ಎಲ್ಲ ಸರಿಯಾದ ಮೇಲೂ ನಾಲ್ಕರಿಂದ ಆರು ವಾರ ಗಾಳಿಯಾಡುವಲ್ಲಿ ಇಟ್ಟು ಒಣಗಿಸಬೇಕು, ಆಗ ಗಟ್ಟಿಯಾಗಿ ಮೃದು ನೊರೆ ಬರುತ್ತದೆ.

ಹತ್ತು ದಿನದಲ್ಲಿ ಆಗುವುದು ಕರಗಿಸಿ ಅಚ್ಚಿಗೆ ಹೊಯ್ಯುವ ಸಿದ್ಧ ಸಾಬೂನು ಗಟ್ಟಿ. ಕ್ಷಾರದ ಕೆಲಸ ಮುಗಿದೇ ಬಂದಿರುತ್ತದೆ. ತುಂಡು ಮಾಡಿ, ಕಾಯುವ ನೀರಿನ ಮೇಲೆ ಕರಗಿಸಿ, ಕುದಿಯಲು ಬಿಡದೆ ಇಳಿಸಿ, ಅಚ್ಚಿಗೆ ಹೊಯ್ಯಿರಿ. ಮೇಲೆ ಗುಳ್ಳೆ ನಿಂತರೆ ಹಿಂದೆ ಹೇಳಿದ ಆಲ್ಕೋಹಾಲನ್ನೇ ಒಮ್ಮೆ ಸಿಂಪಡಿಸಿ, ಒಡೆದುಹೋಗುತ್ತವೆ. ಬೇಗ ಗಟ್ಟಿಯಾಗಲೆಂದು ಫ್ರೀಜರಿನಲ್ಲಿಡಬೇಡಿ. ಇದರಲ್ಲಿ ಗ್ಲಿಸರಿನ್ ಹೆಚ್ಚು, ಗಾಳಿಯ ತೇವವನ್ನು ಎಳೆದುಕೊಂಡು ಬೆವರುತ್ತದೆ. ಅಚ್ಚಿನಿಂದ ತೆಗೆದ ಕೂಡಲೇ ಬಿಗಿಯಾಗಿ ಸುತ್ತಿ. ಇದು "ನಿಜವಾದ" ಸಾಬೂನು ತಯಾರಿಕೆ ಅಲ್ಲ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ. ಮುಂದಿನ ವರ್ಷದ ಉಡುಗೊರೆಗೆ ಈಗಲೇ ಕನ್ನಡಕ ಕೊಂಡುಕೊಳ್ಳಿ.

ಸಾಬೂನಿನೊಳಗೆ ಇಟ್ಟ ಗುಲಾಬಿ ದಳಗಳು ಕಂದು ಬಣ್ಣಕ್ಕೆ ತಿರುಗಿ ಅಸಹ್ಯವಾದವು. ಒಣಗಿಸಿಯೇ ಹಾಕಿದ್ದೆ.
— ಗುಲಾಬಿಯವಳು

ತೇವ ಮತ್ತು ಕ್ಷಾರ ಸಿಕ್ಕಿದ ದಳ ಕಂದಾಗಿಯೇ ತೀರುತ್ತದೆ, ಲ್ಯಾವೆಂಡರ್ ಕೂಡ ಅಷ್ಟೇ. ಬಣ್ಣ ಉಳಿಸಿಕೊಳ್ಳುವುದು ಕ್ಯಾಲೆಂಡುಲಾ ಎಂಬ ಹೂವಿನ ಹಳದಿ ದಳ. ಗುಲಾಬಿಯನ್ನು ಸ್ನಾನದ ಉಪ್ಪಿಗೆ ಸೇರಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ ಕೊಡಿ. ಬಿಡಿಯಾಗಿ ಕೊಟ್ಟರೆ ನೀರು ಹೋಗುವ ಕೊಳವೆ ಕಟ್ಟಿಕೊಂಡು ನಿಮ್ಮನ್ನು ನೆನೆಸಿಕೊಳ್ಳುತ್ತಾರೆ.

ಗೆಳೆಯನಿಗೆ ವಾಹನ ದುರಸ್ತಿಯ ಕೆಲಸ. ಕೈಯೆಲ್ಲ ಬಿರಿದಿದೆ. ಪರಿಮಳ, ಹೂವು ಎಂದರೆ ನಗುತ್ತಾನೆ. ಅವನಿಗೇನು ಕೊಡಲಿ?
— ಅವನ ಗೆಳೆಯ

ನನಗೆ ಬಂದ ಪತ್ರಗಳಲ್ಲೆಲ್ಲ ಇಷ್ಟವಾದದ್ದು ಇದು. ಯಾರಿಗೆ ಕೊಡುತ್ತಿದ್ದೇನೆ, ಅವರ ಕೈ ಹೇಗಿದೆ ಎಂದು ನೋಡಿ ಬರೆದ ಪತ್ರ. ಉಳಿದವರು ಡಬ್ಬಿಯನ್ನು ನೋಡಿದ್ದರು.

20 ಗ್ರಾಂ ಜೇನುಮೇಣ, 80 ಗ್ರಾಂ ಎಣ್ಣೆ, ಕರಗಿಸಿ ಅಗಲ ಬಾಯಿಯ ತಗಡಿನ ಡಬ್ಬಿಗೆ ಹೊಯ್ಯಿರಿ. ವಾಸನೆ ಏನೂ ಬೇಡ. ನನ್ನ ಪಕ್ಕದ ಮನೆಯಲ್ಲೊಬ್ಬರು ನರ್ಸ್ ಇದ್ದಾರೆ, ದಿನವಿಡೀ ಕೈ ತೊಳೆದು ಬೆರಳ ಗೆಣ್ಣುಗಳು ಸೀಳಿರುತ್ತವೆ. ಅವರಿಗೆ ನಾನು ಕೊಡುವುದು ಇದನ್ನೇ. ರಾತ್ರಿ ಕೈ ತೊಳೆದು, ಇನ್ನೂ ಸ್ವಲ್ಪ ತೇವವಿರುವಾಗ ಹಚ್ಚಿ, ಹಳೆಯ ಹತ್ತಿ ಗವಸು ಹಾಕಿಕೊಂಡು ಮಲಗುತ್ತಾರೆ. ಮೇಣ ತಾನಾಗಿ ತೇವ ಕೊಡುವುದಿಲ್ಲ, ಇರುವ ತೇವ ಆರದಂತೆ ತಡೆಯುತ್ತದೆ, ಆದ್ದರಿಂದ ಆ ಒದ್ದೆಯಿರುವಾಗಲೇ ಹಚ್ಚುವುದು ಮುಖ್ಯ. ಗ್ರೀಸು ತೊಳೆಯಲು ಸಕ್ಕರೆ ಸ್ಕ್ರಬ್ಬನ್ನೂ ಜೊತೆಗಿಡಬಹುದು, ಬಿರುಕು ಮಾಗಿದ ಮೇಲೆ ಬಳಸಲಿ. ಅಡುಗೆ ಸೋಡಾದಿಂದ ಕೈ ಉಜ್ಜುವ ಅಭ್ಯಾಸ ಅವನಿಗಿದ್ದರೆ ಬಿಡಿಸಿ. ಚರ್ಮದ ಪಿಎಚ್ 5ರ ಆಸುಪಾಸಿನಲ್ಲಿದ್ದರೆ ಸೋಡಾ ನೀರಿನದು 8 ದಾಟುತ್ತದೆ, ಬಿರಿದ ಕೈ ಇನ್ನಷ್ಟು ಬಿರಿಯುತ್ತದೆ.

ನೀವು ಎಲ್ಲದಕ್ಕೂ ಹೆದರಿಸುತ್ತೀರಿ. ಪ್ರೀತಿಯಿಂದ ಕೊಟ್ಟದ್ದಕ್ಕೆ ಪದಾರ್ಥಗಳ ಪಟ್ಟಿ, ತಾರೀಖು ಎಲ್ಲ ಬರೆದು ಅಂಟಿಸಿದರೆ ಔಷಧದ ಬಾಟಲಿಯಂತೆ ಕಾಣುವುದಿಲ್ಲವೇ?
— ಬೇಸತ್ತವರು

ಕಾಣಲಿ. ಪಟ್ಟಿ ಇಲ್ಲದ ಡಬ್ಬಿಯನ್ನು ಬುದ್ಧಿವಂತರು ಬಳಸುವುದಿಲ್ಲ, ನಿಮ್ಮೆದುರು ಮೆಚ್ಚಿ ಕಪಾಟಿನಲ್ಲಿಡುತ್ತಾರೆ. ಏನೇನಿದೆ, ಯಾವಾಗ ಮಾಡಿದ್ದು, ಯಾವಾಗಿನವರೆಗೆ ಬಳಸಬಹುದು, ಹೇಗೆ ಬಳಸಬೇಕು ಎಂಬ ನಾಲ್ಕು ಸಾಲು ಸಾಕು. ಎಣ್ಣೆಯ ಬಾಟಲಿಯ ಮೇಲಿರುವ ಕೊನೆಯ ತಾರೀಖನ್ನು ದಾಟಿಸಿ ಯಾವ ತಾರೀಖನ್ನೂ ಬರೆಯಬೇಡಿ. ಸ್ಕ್ರಬ್ಬಿಗೆ ಮೂರು ತಿಂಗಳು ಎಂದು ಬರೆಯುವುದು ನನ್ನ ಪದ್ಧತಿ. ಹೊಸದನ್ನು ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದೆರಡು ದಿನ ನೋಡಿ ಎಂದೂ ಸೇರಿಸಿ. ಮತ್ತೆ ಸಣ್ಣ ಡಬ್ಬಿಗಳನ್ನೇ ಆರಿಸಿ. ನನ್ನ ತಂಗಿ ಖಾಲಿ ಡಬ್ಬಿಯನ್ನು ತೊಳೆದು ಒರೆಸಿ ತಂದು ಮೇಜಿನ ಮೇಲಿಟ್ಟು ಏನೂ ಹೇಳದೆ ಕೂರುತ್ತಾಳೆ. ನನಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿಲ್ಲ. ತುಂಬಿಸುವ ಮುನ್ನ ಡಬ್ಬಿಯನ್ನು ಮತ್ತೆ ಬಿಸಿನೀರಿನಲ್ಲಿ ತೊಳೆದು ಸಂಪೂರ್ಣ ಒಣಗಿಸುತ್ತೇನೆ, ಮುಚ್ಚಳದ ಸುರುಳಿಯಲ್ಲಿ ಒಂದು ಹನಿ ನೀರೂ ನಿಲ್ಲದಂತೆ.

ನನಗೆ ಹನ್ನೆರಡು ವರ್ಷ. ಒಲೆ ಹಚ್ಚಲು ಅಮ್ಮ ಬಿಡುವುದಿಲ್ಲ. ನನ್ನ ಗೆಳತಿಗೆ ಚರ್ಮ ತುಂಬ ಒಣಗಿ ಕೆರೆತ ಬರುತ್ತದೆ. ಅವಳಿಗೆ ನಾನೇ ಏನಾದರೂ ಮಾಡಿಕೊಡಬಹುದೇ?
— ಏಳನೇ ತರಗತಿ

ಖಂಡಿತ. ಓಟ್ಸ್ ತೆಗೆದುಕೊಂಡು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಸು, ಅದಕ್ಕೆ ದೊಡ್ಡವರೊಬ್ಬರು ಜೊತೆಗಿರಲಿ. ಹಾಲು, ಸಕ್ಕರೆ, ರುಚಿ ಸೇರಿಸಿದ ಓಟ್ಸ್ ಬೇಡ, ಬರೀ ಓಟ್ಸ್. ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕಲಕು. ನೀರು ಹಾಲಿನ ಬಣ್ಣಕ್ಕೆ ತಿರುಗಿದರೆ ಪುಡಿ ಸಾಕಷ್ಟು ನುಣ್ಣಗಾಗಿದೆ, ತಳದಲ್ಲಿ ತರಿ ಕುಳಿತರೆ ಮತ್ತೊಮ್ಮೆ ತಿರುಗಿಸಬೇಕು. ಹೀಗೆ ನುಣ್ಣಗೆ ಮಾಡಿದ ಓಟ್ಸ್ ಪುಡಿ ಚರ್ಮವನ್ನು ಕಾಪಾಡುತ್ತದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ 2003ರಲ್ಲಿ ಒಪ್ಪಿಕೊಂಡಿದೆ, ಆದ್ದರಿಂದ ಚಿಕ್ಕವಳು ಮಾಡಿದ್ದು ಎಂದು ಯಾರೂ ಹಗುರವಾಗಿ ನೋಡುವಂತಿಲ್ಲ.

ತೆಳುವಾದ ಹತ್ತಿ ಬಟ್ಟೆಯನ್ನು ಅಂಗೈಯಗಲ ಕತ್ತರಿಸಿ, ನಡುವೆ ಎರಡು ದೊಡ್ಡ ಚಮಚ ಪುಡಿಯಿಟ್ಟು, ದಾರದಿಂದ ಬಿಗಿಯಾಗಿ ಕಟ್ಟು. ಅಂಥ ನಾಲ್ಕೈದು ಗಂಟುಗಳನ್ನು ಒಣಗಿದ ಡಬ್ಬಿಯಲ್ಲಿ ತುಂಬಿಸು. ಗೆಳತಿ ಒಂದು ಗಂಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿ, ಆ ಬಿಳಿ ನೀರನ್ನು ಮೈಮೇಲೆ ಹುಯ್ದುಕೊಳ್ಳಲಿ. ತೀರಾ ಬಿಸಿ ನೀರು ಬೇಡ, ಚರ್ಮ ಇನ್ನಷ್ಟು ಒಣಗುತ್ತದೆ. ಬಳಸಿದ ಗಂಟನ್ನು ಅಂದೇ ಎಸೆಯಬೇಕು, ಒದ್ದೆಯಾದದ್ದು ಮರುದಿನಕ್ಕೆ ಕೆಡುತ್ತದೆ. ಪರಿಮಳಕ್ಕೆಂದು ಏನನ್ನೂ ಸೇರಿಸಬೇಡ, ಕೆರೆತವಿರುವ ಚರ್ಮಕ್ಕೆ ಅದು ಆಗುವುದಿಲ್ಲ. ಓಟ್ಸ್ ತಿಂದರೆ ಅವಳಿಗೆ ಅಲರ್ಜಿಯಿಲ್ಲ ತಾನೆ ಎಂದು ಅವಳ ಮನೆಯವರನ್ನು ಕೇಳು. ಕೆರೆದು ಗಾಯವಾಗಿದ್ದರೆ ಅವರು ಮೊದಲು ವೈದ್ಯರಿಗೆ ತೋರಿಸಲಿ, ಗಂಟು ಆಮೇಲೆ.